ಎರಡನೆಯ ಕುರ್ಚಿ

ಮಾರ್ಚ್ ೧೨, ಗುರುವಾರ

ಪ್ರೀತಿಯ ಯಾಕಮ್ಮನಿಗೆ,

ಮೇಷ್ಟ್ರ ಆಶೀರ್ವಾದಗಳು. ನಿನ್ನ ಲಕೋಟೆ ಕೈಸೇರಿ ಹತ್ತು ದಿನಗಳಾದವು, ತಡವಾದದ್ದಕ್ಕೆ ಮನ್ನಿಸು. ಕಣ್ಣಿನ ಪೊರೆ ತೆಗೆಸಿಕೊಂಡೆನೆಂದು ನೆಪ ಹೇಳಬಹುದಿತ್ತು, ಆದರೆ ಅದು ಮುಗಿದು ತಿಂಗಳ ಮೇಲಾಯಿತು. ನಿನ್ನ ಕೋಷ್ಟಕಗಳನ್ನು ಮೂರು ಸಲ ಓದಿದೆ. ಉತ್ತರ ಬರೆಯುವ ಧೈರ್ಯ ಮಾತ್ರ ಇವತ್ತು ಬಂತು.

ತರಗತಿಯಲ್ಲಿ ನೀನು ಪ್ರತಿಯೊಂದು ಮಾತಿಗೂ ‘ಯಾಕೆ ಸಾರ್?’ ಎನ್ನುತ್ತಿದ್ದೆ. ಗೆಳತಿಯರು ಗೇಲಿಗೆಂದು ಇಟ್ಟ ಹೆಸರು ನನ್ನ ಪಾಲಿಗೆ ಬಿರುದಾಯಿತು. ಈಗ ಅದೇ ಪ್ರಶ್ನೆಯನ್ನು ನಾನೇ ರೂಪಿಸಿದ ಕೋಣೆಯೊಳಗೆ ನಿಂತು ಕೇಳಿದ್ದೀಯೆ.

ಆ ಕೋಣೆ ನನಗೆ ಅಂಗೈಯಷ್ಟೇ ಪರಿಚಿತ. ಹೃದಯದ ಶಸ್ತ್ರಚಿಕಿತ್ಸೆಯಾದವರು ಮೂರು ತಿಂಗಳಿಗೆ ಮರಳಿ ಬರುವ ಜಾಗ. ಪರದೆಯ ಆಚೆ ತಪಾಸಣೆಯ ಮಂಚ, ಈಚೆ ಒಂದು ಮೇಜು, ಒಂದೇ ಒಂದು ಕುರ್ಚಿ. ರೋಗಿ ಎದೆಗೆ ತಂತಿಗಳನ್ನು ಅಂಟಿಸಿಕೊಂಡು ಮಲಗಿರುವಾಗಲೇ ಮೇಜಿನ ಮೇಲೆ ಪ್ರಶ್ನಾವಳಿ ಭರ್ತಿಯಾಗಲಿ, ಒಂದೇ ವೇಳೆಗೆ ಎರಡು ಕೆಲಸ ಮುಗಿಯಲಿ ಎಂದು ಆ ಏರ್ಪಾಡನ್ನು ಮಾಡಿದವನು ನಾನು. ಅದಕ್ಕಾಗಿ ನನ್ನನ್ನು ಹೊಗಳಿದರು, ನಾನೂ ಬೀಗಿದೆ. ಮಂಚದ ಮೇಲೆ ಮಲಗಿದವರ ಕೈಗೆ ಪೆನ್ನು ತಲುಪುವುದಾದರೂ ಹೇಗೆ ಎಂದು ಹದಿನಾಲ್ಕು ವರ್ಷ ಯಾರೂ ಕೇಳಲಿಲ್ಲ. ನೀನು ಎರಡು ವಾರ ಬಾಗಿಲ ಬಳಿ ನಿಂತು ನೋಡಿದೆ: ಇನ್ನೂರ ಹದಿನಾಲ್ಕು ಹಾಳೆಗಳಲ್ಲಿ ನೂರ ಮೂವತ್ತೊಂದನ್ನು ತುಂಬಿದ್ದು ಕುರ್ಚಿಯಲ್ಲಿ ಕೂತವರು. ಗಂಡ, ಸೊಸೆ, ಅಣ್ಣ. ‘ನಿದ್ದೆ ಬರುತ್ತದೆಯೇ? ಚೆನ್ನಾಗಿ. ಬದುಕಿನಲ್ಲಿ ಆಸಕ್ತಿ ಇದೆಯೇ? ಇದೆ.’

ಆಮೇಲೆ ನೀನು ಮಾಡಿದ ಕೆಲಸವನ್ನು ಓದಿ ನನ್ನ ಎದೆ ಉಬ್ಬಿತು. ಉಗ್ರಾಣದಿಂದ ಇನ್ನೊಂದು ಕುರ್ಚಿಯನ್ನು ಹೊತ್ತು ತಂದು, ತಂತಿ ಬಿಚ್ಚಿದ ಮೇಲೆ ರೋಗಿಯನ್ನೇ ಅದರಲ್ಲಿ ಕೂರಿಸಿದೆ. ಜೊತೆಗೆ ಬಂದವರನ್ನು ‘ಔಷಧಿ ಚೀಟಿ ತಗೊಂಡು ಬನ್ನಿ’ ಎಂದು ಹೊರಗೆ ಕಳಿಸಿದೆ. ಎಲ್ಲವೂ ಚೆನ್ನಾಗಿದೆ ಎಂದಿದ್ದ ನಲವತ್ತು ಹಾಳೆಗಳವರನ್ನು ಮತ್ತೆ ಕೇಳಿದಾಗ ಇಪ್ಪತ್ತಮೂರು ಮಂದಿಯ ಉತ್ತರ ಬದಲಾಯಿತು. ಅವರಲ್ಲಿ ಹದಿನಾಲ್ಕು ಮಂದಿ ಯಾರಿಗೂ ಹೇಳದೆ ಮಾತ್ರೆ ಬಿಟ್ಟಿದ್ದರು. ನೀನು ಬರೆದ ಆ ಬಸ್ ಚಾಲಕನ ಮಾತು ನನ್ನನ್ನು ಬಿಡುತ್ತಿಲ್ಲ: “ಎದೆ ಸರಿಹೋಯ್ತಮ್ಮ. ಆದ್ರೆ ಯಾವುದಕ್ಕೆ ಎದ್ದೇಳಬೇಕು ಅಂತಾನೇ ತಿಳೀತಿಲ್ಲ. ಮನೇಲಿ ಹೇಳಿದ್ರೆ, ಇಷ್ಟೆಲ್ಲಾ ಮಾಡಿದ್ವಲ್ಲ ಅಂತಾರೆ.”

ನಿನ್ನ ವಿಭಾಗದ ಮುಖ್ಯಸ್ಥ ಮೊನ್ನೆ ನನ್ನಲ್ಲಿಗೆ ಬಂದಿದ್ದ. ಅವನೂ ಒಂದು ಕಾಲದಲ್ಲಿ ನಿನ್ನ ಹಾಗೆ ನನ್ನ ಎದುರಿಗೆ ಕೂತವನೇ; ಕೈಚಳಕದಲ್ಲಿ ಅವನಿಗೆ ಸಾಟಿಯಿಲ್ಲ. ಕೂತವನೇ ಸುತ್ತಿ ಬಳಸದೆ ಶುರುಮಾಡಿದ.

“ಸಾರ್, ಆ ಹುಡುಗಿಗೆ ಸ್ವಲ್ಪ ಬುದ್ಧಿ ಹೇಳಿ.”

“ಅದು ಅವಳಲ್ಲಿ ಬೇಕಾದಷ್ಟಿದೆಯಲ್ಲಪ್ಪ. ನನ್ನ ಹತ್ರ ಇರೋದೇ ಕಡಿಮೆ.”

“ತಮಾಷೆ ಅಲ್ಲ ಸಾರ್. ಹದಿನಾಲ್ಕು ವರ್ಷದ ಎಲ್ಲಾ ಹಾಳೆಗಳನ್ನೂ ಸೇರಿಸಿ ನೋಡಿದ್ರೆ ನೂರಕ್ಕೆ ಎಂಬತ್ತೆಂಟು ಜನ ಚೆನ್ನಾಗಿದ್ದಾರೆ. ಇವಳು ರೋಗಿ ತುಂಬಿದ್ದು, ಜೊತೆಯವರು ತುಂಬಿದ್ದು ಅಂತ ಬೇರೆ ಬೇರೆ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಸೋಮವಾರ ಸಭೆ. ವರದಿಗೆ ಸಹಿ ಹಾಕು, ಇಲ್ಲಾಂದ್ರೆ ಬಿಟ್ಟುಹೋಗು ಅಂದಿದ್ದೀನಿ. ನಾವು ಹೃದಯ ಸರಿಮಾಡೋರು. ಮನಸ್ಸಿಗೆ ಬೇರೆ ಮಹಡಿ ಇದೆ.”

“ರೋಗಿ ಎರಡು ಮಹಡಿಗೆ ಹಂಚಿಕೊಂಡು ಬರ್ತಾನೇನಪ್ಪ? ನೀನು ಹೊಲಿದ ಹೃದಯ ಮಾತ್ರೆ ನುಂಗಲ್ಲ. ನುಂಗೋನು ಅವನು. ಅವನಿಗೆ ನುಂಗೋ ಮನಸ್ಸಿಲ್ಲ ಅಂದ್ರೆ ನಿನ್ನ ಹೊಲಿಗೆ ಎಷ್ಟು ದಿನ?”

ಅವನು ಹೊರಡಲು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, “ಆ ಕೋಣೆಯ ಏರ್ಪಾಡು ನಿಮ್ದೇ ಸಾರ್. ಅವಳ ವರದಿ ಹೊರಗೆ ಬಂದ್ರೆ ಮೊದಲು ಹೋಗೋದು ನಿಮ್ಮ ಹೆಸರು,” ಎಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನ ಮರ್ಯಾದೆ ಉಳಿಸಲು ಬಂದಿದ್ದ, ಪಾಪ.

ಈಗ ನಿನ್ನ ರಾಜೀನಾಮೆಯ ಕರಡಿನ ವಿಚಾರ. ಭಾಷೆ ತಿದ್ದಿಕೊಡಿ ಎಂದು ಕೇಳಿದ್ದೆಯಲ್ಲ, ತಿದ್ದಿದ್ದೇನೆ: ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆ. ನೀನು ಹೊರಟರೆ ಆ ಕುರ್ಚಿ ಅದೇ ದಿನ ಉಗ್ರಾಣಕ್ಕೆ ಮರಳುತ್ತದೆ. ಸಹಿಯನ್ನೂ ಹಾಕಬೇಡ, ಕೆಲಸವನ್ನೂ ಬಿಡಬೇಡ. ಹಾಳೆಗಳನ್ನು ಎರಡು ಗುಂಪಾಗಿಯೇ ಇಟ್ಟುಕೊಂಡು ಸಭೆಗೆ ಹೋಗು. ತೆಗೆಯುವುದಾದರೆ ಅವರೇ ನಿನ್ನನ್ನು ತೆಗೆಯಲಿ. ಯಾಕೆ ತೆಗೆದೆವೆಂದು ಬರೆದುಕೊಡಲಿ. ಹಾಗೆ ಬರೆಯುವುದು ಅವರಿಗೆ ನೀನು ತಿಳಿದಷ್ಟು ಸುಲಭವಲ್ಲ.

ನನ್ನ ಪಾಲಿನ ಕೆಲಸವನ್ನು ನಾನು ಮಾಡಿದ್ದೇನೆ. ಸಂಶೋಧನೆಯ ನೀತಿ ಸಮಿತಿಗೆ ನಿನ್ನೆ ಪತ್ರ ಕೊಟ್ಟೆ: ಏರ್ಪಾಡು ನನ್ನದು, ತಪ್ಪು ನನ್ನದು, ಅದನ್ನು ಕಂಡುಹಿಡಿದದ್ದು ನನ್ನ ವಿದ್ಯಾರ್ಥಿನಿ. ನನ್ನ ಹೆಸರು ಹೋಗುವುದಾದರೆ ಹೋಗಲಿ; ಎಪ್ಪತ್ತೊಂದರ ವಯಸ್ಸಿನಲ್ಲಿ ಅದನ್ನು ಉಪ್ಪಿನಕಾಯಿ ಹಾಕಲೇ? ಸೋಮವಾರ ನಾನೂ ಬರುತ್ತೇನೆ. ಕರೆದಿಲ್ಲ, ನಿಜ. ಕೂರಲು ಜಾಗ ಕೊಡದಿದ್ದರೆ ನಿಂತೇ ಇರುತ್ತೇನೆ, ಕಾಲಿನ್ನೂ ಗಟ್ಟಿಯಿದೆ.

ನಿನ್ನ ತಂದೆಗೆ ನನ್ನ ನಮಸ್ಕಾರ ತಿಳಿಸು. ಹೊತ್ತುಹೊತ್ತಿಗೆ ಊಟ ಮಾಡು. ಬರಿಹೊಟ್ಟೆಯಲ್ಲಿ ವಾದಿಸುವವರು ಬೇಗ ಸೋಲುತ್ತಾರೆ. ನಿನ್ನ ಬೆನ್ನು ಬಾಗದಿರಲಿ, ನಿನ್ನ ಪ್ರಶ್ನೆ ಮುಗಿಯದಿರಲಿ.

ನಿನ್ನ
ಮೇಷ್ಟ್ರು

ಮರೆತ ಮಾತು: ಮರೆತದ್ದಲ್ಲ, ಹತ್ತು ದಿನ ಬರೆಯಲಾಗದ್ದು. ಆರು ವರ್ಷದ ಹಿಂದಿನ ಕಟ್ಟಿನಲ್ಲಿ ಹಸಿರು ಶಾಯಿಯ ಒಂದು ಹಾಳೆ ಸಿಗುತ್ತದೆ. ಅದು ನೀನು ಅಮ್ಮಾವ್ರೆಂದು ಕರೆಯುತ್ತಿದ್ದ ನನ್ನ ಹೆಂಡತಿಯದು. ಅವಳು ಮಂಚದ ಮೇಲಿದ್ದಳು, ನಾನು ಕುರ್ಚಿಯಲ್ಲಿ. “ನಿದ್ದೆ ಹೇಗೆ ಅಂತ ಬರೀಲಿ?” ಎಂದು ಕೇಳಿದೆ. ಪರದೆಯ ಆಚೆಯಿಂದ, “ನೀವೇ ಬರ್ಕೊಳ್ಳಿ, ನಿಮಗೇ ಹೆಚ್ಚು ಗೊತ್ತಲ್ಲ,” ಎಂದಳು. ನಾನು ನಕ್ಕು, ಎಲ್ಲದಕ್ಕೂ ‘ಚೆನ್ನಾಗಿದೆ’ ಎಂದು ಗುರುತು ಹಾಕಿದೆ. ಅವಳು ತೀರಿಹೋದ ಮೇಲೆ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ನಾಲ್ಕು ತಿಂಗಳ ಮಾತ್ರೆಗಳು ಸಿಕ್ಕವು, ಒಂದು ಪೊಟ್ಟಣವೂ ಒಡೆದಿರಲಿಲ್ಲ. ಆ ಎಂಬತ್ತೆಂಟರ ಲೆಕ್ಕದಲ್ಲಿ ಅವಳು ಇವತ್ತಿಗೂ ಚೆನ್ನಾಗಿದ್ದಾಳೆ. ಆ ಹಾಳೆಯನ್ನು ತಿದ್ದಬೇಡ, ಹರಿಯಬೇಡ. ಯಾರೂ ಕೇಳದೇ ಹೋದವರ ಗುಂಪಿಗೆ ಸೇರಿಸು. ಸೋಮವಾರ ಯಾರಾದರೂ ಒಂದು ಉದಾಹರಣೆ ಕೊಡಿ ಎಂದರೆ ನೀನು ಸುಮ್ಮನಿರು. ನಾನು ಹೇಳುತ್ತೇನೆ.