ಇನ್ಯಾಂಬು ಕೂಗುವ ಹೊತ್ತು

ಜುರುವಾ ನದಿ ದಡ
ಮಾರ್ಚ್ 14

ಪ್ರೀತಿಯ ತಂಗಿ ಮರೀಲ್ದಾ,

ನಿನ್ನ ಗಂಡ ಜುರಂದೀರನನ್ನು ನಿನ್ನೆ ಬೆಳಿಗ್ಗೆ ಮಣ್ಣು ಮಾಡಿದೆವು. ಈ ಸೆಕೆಯಲ್ಲಿ ನೀನು ಬರುವವರೆಗೆ ಇಡುವಂತಿರಲಿಲ್ಲ. ಹೆರಿಗೆಗೆಂದು ಪಟ್ಟಣದ ಆಸ್ಪತ್ರೆ ಸೇರಿರುವ ನಿನಗೆ ಇದನ್ನು ಮೆತ್ತಗೆ ಹೇಳುವ ಬಗೆ ನನಗೆ ತಿಳಿಯಲಿಲ್ಲ.

ಸುದ್ದಿ ತಂದವನು ನಮ್ಮ ಅಣ್ಣ ಒಟಸೀಲಿಯೊ. ಮೊನ್ನೆ ಕತ್ತಲಾದ ಮೇಲೆ ಜುರಂದೀರನನ್ನು ಹೆಗಲ ಮೇಲೆ ಹೊತ್ತು ತಂದ. ಇಬ್ಬರೂ ಬೇರೆ ಬೇರೆ ದಾರಿ ಹಿಡಿದು ಬೇಟೆಗೆ ಹೋಗಿದ್ದರಂತೆ. ಬೆಳಕು ಇಳಿಯುವಾಗ ಪೊದೆಯಾಚೆ ದೊಡ್ಡ ಇನ್ಯಾಂಬು ಹಕ್ಕಿ ಕೂಗಿತಂತೆ. ಅಣ್ಣ ಅದರಂತೆಯೇ ಸಿಳ್ಳೆ ಹಾಕಿದ. ಅದು ಉತ್ತರ ಕೊಡುತ್ತ ಹತ್ತಿರ ಬಂತು. ಎಲೆ ಅಲುಗಿದ ಕಡೆ ಗುಂಡು ಹಾರಿಸಿದ. ಆಚೆ ಸಿಳ್ಳೆ ಹಾಕುತ್ತಿದ್ದವನು ಜುರಂದೀರ್.

“ಹಕ್ಕೀನೇ ಮೋಸ ಹೋಗೋ ಹಾಗೆ ಕೂಗ್ತೀಯಲ್ಲೋ ಭಾವ, ಒಂದಿನ ನಿನ್ನನ್ನೇ ಹುರಿದು ತಿಂತೀವಿ ಅಂತ ತಮಾಷೆ ಮಾಡ್ತಿದ್ದೆ ಕಣೇ” ಎಂದು ಅಣ್ಣ ಅಂಗಳದಲ್ಲಿ ಕೂತು ಅತ್ತ. ಅಮ್ಮ ಅವನ ತಲೆ ಸವರುತ್ತ ನನ್ನ ಕಡೆ ನೋಡಿ, “ಅಳಿಯ ಹೋದ. ಮಗನನ್ನೂ ಕಳ್ಕೊಳ್ಳೋ ಶಕ್ತಿ ನನಗಿಲ್ಲ ಕಣೇ” ಎಂದಳು.

ನಿನ್ನೆ ಮಧ್ಯಾಹ್ನ ಬಂದ ಪೊಲೀಸರು ಸದ್ಯಕ್ಕೆ ಆಕಸ್ಮಿಕವೆಂದು ಬರೆದುಕೊಂಡಿದ್ದಾರೆ.

ಮರಗೆಣಸಿನ ಹಿಟ್ಟು ಕಳಿಸಿದ್ದೇನೆ. ತುಂಬಿದ ಬಸುರಿ, ಉಪವಾಸ ಬೀಳಬೇಡ.

ನಿನ್ನ ಅಕ್ಕ,
ಅಲ್ಜೀರಾ

ತಾ.ಕ.: ಇಲ್ಲಿಯವರೆಗಿನದನ್ನು ಅಣ್ಣ ನನ್ನಿಂದ ಓದಿಸಿ ಕೇಳಿದ. ಅವನಿಗೆ ಓದು ಬರದೆಂದು ನಿನಗೆ ಗೊತ್ತು. “ಸರಿಯಾಗಿದೆ, ಹಾಗೇ ಇರ್ಲಿ” ಎಂದ. ಮುಂದಿನದನ್ನು ದೋಣಿಕಟ್ಟೆಯಲ್ಲಿ ನಿಂತು ಬರೆಯುತ್ತಿದ್ದೇನೆ.

ಆ ದಿನ ನನಗೆ ಗುಂಡಿನ ಸದ್ದು ಕೇಳಿಸಿದ್ದು ನಡುಮಧ್ಯಾಹ್ನ. ಗೆಣಸು ಸುಲಿಯುತ್ತಿದ್ದೆ. ಉಳಿದ ಹಕ್ಕಿಗಳೆಲ್ಲ ಸುಮ್ಮನಿದ್ದವು. ಬಿಸಿಲಿಗೂ ಬಾಯಿ ಮುಚ್ಚದ ಕ್ರಿಕ್ರಿಯೊ ಹಕ್ಕಿ ಒಂದೇ ಕಿರುಚುತ್ತಿತ್ತು. ಗುಂಡಿನ ಸದ್ದಿಗೆ ಅದೂ ನಿಂತಿತು. ದೊಡ್ಡ ಇನ್ಯಾಂಬು ಆ ಹೊತ್ತಿನಲ್ಲಿ ಕೂಗುವುದಿಲ್ಲ. ಈ ಮಳೆ ತಿಂಗಳಲ್ಲಿ ಅದು ಸಂಜೆ ಕೂಗುವುದೂ ಅಪರೂಪ. ಇದನ್ನು ನಮಗಿಬ್ಬರಿಗೂ ಕಲಿಸಿದವನು ಅಣ್ಣನೇ. ಮಧ್ಯಾಹ್ನದ ಹೊತ್ತು ಆ ಸಿಳ್ಳೆ ಹಾಕುವಷ್ಟು ದಡ್ಡ ನಿನ್ನ ಗಂಡನಲ್ಲ. ಕತ್ತಲಲ್ಲಿ ಅಣ್ಣ ತಂದಿಳಿಸಿದ ಕೂಡಲೇ ಮೈ ತೊಳೆದವಳು ನಾನು. ಅದು ಆಗಲೇ ಮರದಂತೆ ಸೆಟೆದಿತ್ತು.

ಅಣ್ಣ ಕದ್ದು ಕಡಿದ ದಿಮ್ಮಿಗಳ ವಿಷಯ ಅರಣ್ಯ ಕಚೇರಿಗೆ ಹೇಳುತ್ತೇನೆಂದು ಜುರಂದೀರ್ ಹೋದ ವಾರ ಊಟಕ್ಕೆ ಕೂತಾಗ ಎಲ್ಲರೆದುರೇ ಹೇಳಿದ್ದ.

ಶುಕ್ರವಾರ ಬೆಳಿಗ್ಗೆ ಪೊಲೀಸ್ ದೋಣಿ ಮತ್ತೆ ಬರುತ್ತದೆ. ಮೊದಲ ಹೇಳಿಕೆ ನನ್ನದು.