ಬಂಡಳ್ಳಿ ಕನಕಾಂಬರದ ತಾಯಿಗಿಡ

ಬಂಡಳ್ಳಿ
2-5-2024

ಪ್ರೀತಿಯ ಮೀನಾಳಿಗೆ,

ನಿನ್ನ ಅತ್ತೆ ಮಾಡುವ ಆಶೀರ್ವಾದ. ಯುಗಾದಿಗೆ ನೀನು ಬರೆದ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲ ಅಂತ ಮುನಿಸಿಕೊಂಡಿದ್ದರೆ ಮುನಿಸಿಕೋ, ಆದರೆ ಇದನ್ನು ಪೂರ್ತಿ ಓದಿದ ಮೇಲೆ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಹೂಗ್ಯಂನಲ್ಲಿ ಸಿಗ್ನಲ್ ಬೇಕಾದರೆ ನೀನು ತಾರಸಿ ಹತ್ತಬೇಕು, ಹತ್ತಿದರೂ ಅರ್ಧ ಮಾತು ಗಾಳಿಗೆ ಹೋಗುತ್ತದೆ. ನಾನು ಹೇಳಬೇಕಾಗಿರುವುದು ಗಿಡದ ವಿಷಯ. ಅರ್ಧ ಕೇಳಿಸಿಕೊಂಡು ಗಿಡಕ್ಕೆ ಕತ್ತರಿ ಹಾಕುವುದಕ್ಕಿಂತ ಸುಮ್ಮನಿರುವುದು ವಾಸಿ.

ಮೊದಲು ಕೆಟ್ಟ ಸುದ್ದಿ ಹೇಳಿ ಮುಗಿಸುತ್ತೇನೆ. ಕಡ್ಡಿ ಕೊಯ್ದು ನೆಡಲೆಂದೇ ಹುಳುಮನೆಯಲ್ಲಿಟ್ಟಿದ್ದ ಕನಕಾಂಬರದ ತಾಯಿಗಿಡಗಳು ಹೋದವು. ಒಂದು ಮಾತ್ರ ಇನ್ನೂ ಜೀವ ಹಿಡಿದುಕೊಂಡಿದೆ. ಅದರ ಮೇಲೂ ನನಗೆ ನಂಬಿಕೆಯಿಲ್ಲ.

ಆದದ್ದು ಇಷ್ಟು. ಚಿಕ್ಕಮ್ಮನ ಮೊಮ್ಮಗಳ ಮದುವೆಗೆ ಯಳಂದೂರಿಗೆ ಹೋಗಿದ್ದೆ. ನಾನು ಬರುವ ತನಕ ಗಿಡಗಳಿಗೆ ನೀರು ನೋಡಿಕೋ ಅಂತ ನನ್ನ ತಮ್ಮ ಮಾದೇಶನ ಕೈಗೆ ಬೀಗದ ಕೈ ಕೊಟ್ಟೆ. ನಿನಗೆ ಗೊತ್ತಲ್ಲ ಅವನು, ಒಂದು ಹೇಳಿದರೆ ಎರಡು ಮಾಡುವ ಆಸಾಮಿ. ವಯಸ್ಸೆಲ್ಲ ರೇಷ್ಮೆ ಹುಳು ಸಾಕುವುದರಲ್ಲೇ ಕಳೆದವನು. ಆ ಕೋಣೆಯಲ್ಲಿ ಹುಳು ಬಿಡುವುದನ್ನು ನಿಲ್ಲಿಸಿ ಎಷ್ಟೋ ವರ್ಷವಾದರೂ ಅವನ ಪಾಲಿಗೆ ಅದು ಇನ್ನೂ ಹುಳುಮನೆಯೇ. ಹಳೇ ತಟ್ಟೆಗಳ ಸ್ಟ್ಯಾಂಡಿನ ಮೇಲೆ ಈಗ ಕುಂಡ ಕೂತಿದ್ದಾವೆ ಅನ್ನುವುದು ಅವನ ಕಣ್ಣಿಗೆ ಬೀಳಲೇ ಇಲ್ಲವೋ ಏನೋ. ಹೊಸ ಬೆಳೆ ಹುಳು ಬಿಡುವ ಮುಂಚೆ ಮಾಡುವ ಹಾಗೆ ನೆಲ ತೊಳೆದು, ಬ್ಲೀಚಿಂಗ್ ಪೌಡರ್ ಕಲಸಿ ಗೋಡೆಗೆಲ್ಲ ಹೊಡೆದು, ಮೇಲೆ ಸುಣ್ಣ ಎರಚಿ, ಕಿಟಕಿ ಸಂದಿಗೆಲ್ಲ ಪೇಪರ್ ಅಂಟಿಸಿ ಬಾಗಿಲು ಹಾಕಿಕೊಂಡು ಹೋಗಿದ್ದಾನೆ. ಗಿಡಗಳು ಒಳಗೇ!

ನಾನು ಬಸ್ಸಿಳಿದು ಬರುತ್ತಲೇ ಜಗುಲಿಯ ಮೇಲೆ ಕೂತಿದ್ದ ಮಹಾರಾಯ ಎದ್ದು ಬಂದು, "ಅಕ್ಕ, ಮನೆ ಎಂಗ್ ಕಿಲೀನಾಗದೆ ಓಗ್ ನೋಡು. ಇನ್ನ ಒಂದ್ ರೋಗ ಬರಕ್ಕಿಲ್ಲ ಬುಡು" ಅಂದ. ಬಾಗಿಲು ತೆಗೆದೆ ನೋಡು, ಆ ಘಾಟಿಗೆ ಕಣ್ಣಲ್ಲಿ ನೀರು ಬಂತು. ಎಲೆಗಳ ಅಂಚೆಲ್ಲ ಬೆಂದು ಸುರುಟಿಕೊಂಡಿದ್ದವು.

"ಲೇ, ಹುಳ ಎಲ್ಲಿದ್ದಾವ್ಲಾ ಇಲ್ಲಿ? ಗಿಡ ಅಲ್ವೇನ್ಲಾ ಇರೋದು?" ಅಂತ ಕೂಗಿದೆ.

ಅವನು ಸ್ಟ್ಯಾಂಡಿನ ಕಡೆ ನೋಡಿ, "ಅಭ್ಯಾಸ ಕಣಕ್ಕ. ಕೈ ತನ್ನಷ್ಟಕ್ಕೆ ಮಾಡ್ಬುಡ್ತು" ಅಂದ. ಬೈಯುವುದಕ್ಕೂ ಆಗಲಿಲ್ಲ. ಬೈದೆ ಅನ್ನು, ಆದರೆ ಸಮಾಧಾನವಾಗುವಷ್ಟು ಬೈಯಲಾಗಲಿಲ್ಲ.

ಕುಂಡಗಳನ್ನೆಲ್ಲ ನೆರಳಿಗೆ ತಂದು ಎಲೆ ತೊಳೆದೆ. ಮಣ್ಣಿನೊಳಗಿನ ಸುಣ್ಣ ಇಳಿದು ಹೋಗಲಿ ಅಂತ ತೊಟ್ಟಿಯಲ್ಲಿ ಹಿಡಿದಿಟ್ಟಿದ್ದ ಮಳೆನೀರನ್ನು ಮತ್ತೆ ಮತ್ತೆ ಹಾಯಿಸಿದೆ. ಕ್ರೋಟನ್ನು, ದಾಸವಾಳ ಚಿಗುರಿಕೊಂಡವು. ಕನಕಾಂಬರ ಮಾತ್ರ ಒಂದೊಂದೇ ಎಲೆ ಉದುರಿಸುತ್ತಾ ಬಂತು.

ಮಿಕ್ಕ ಗಿಡ ಯಾವುದಾಗಿದ್ದರೂ ಮೈಸೂರಿಂದಲೋ ಕೊಳ್ಳೇಗಾಲದಿಂದಲೋ ತರಬಹುದಿತ್ತು. ಇದನ್ನು ಎಲ್ಲಿಂದ ತರಲಿ? ನಿಮ್ಮ ಮದುವೆಯಾದ ವರ್ಷ ಹಿತ್ತಲ ಸಾಲಿನಲ್ಲಿ ಒಂದೇ ಒಂದು ರೆಂಬೆ ಪರಂಗಿ ಹಣ್ಣಿನ ಬಣ್ಣದ ಹೂ ಬಿಟ್ಟದ್ದನ್ನು ಗುರುಪ್ರಕಾಶ ಕಂಡದ್ದು ನೆನಪಿದೆಯಲ್ಲ? ಅದು ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಮುಂದುವರಿಯಬೇಕು. ಆ ಒಂದು ರೆಂಬೆಯಿಂದ ನನ್ನ ಮಗ ಇಷ್ಟು ಮಾಡಿಟ್ಟು ಕಣ್ಣು ಮುಚ್ಚಿದ. ಮೊದಲ ಹೂವನ್ನು ಕಟ್ಟಿಸಿ ನಿನಗೇ ಮುಡಿಸಿದ. ಆಮೇಲೆ ತಾಯಿಗಿಡದಲ್ಲಿ ಒಂದು ತೆನೆಯನ್ನೂ ಅರಳಲು ಬಿಡಲಿಲ್ಲ ಪುಣ್ಯಾತ್ಮ, ಕಂಡ ಕಂಡ ಹಾಗೆ ಚಿವುಟುತ್ತಿದ್ದ. ಹೂವಿಗೆ ಹೋಗುವ ಶಕ್ತಿ ಕಡ್ಡಿಗೆ ಹೋಗಲಿ ಅಂತ.

ಈಗ ಆ ಜಾತಿ ಇರುವುದು ಈ ಸಾಯುತ್ತಿರುವ ಗಿಡದಲ್ಲಿ, ಮತ್ತೆ ನೀನು ದೊರೆಸ್ವಾಮಿಯ ಕೈ ಹಿಡಿದು ಹೂಗ್ಯಂಗೆ ಹೊರಟ ದಿನ ನಾನು ನಿನ್ನ ಮಡಿಲಿಗೆ ಇಟ್ಟ ಕುಂಡದಲ್ಲಿ. ತಾಯಿಗಿಡ ಯಾವತ್ತೂ ಎರಡು ಮನೆಯಲ್ಲಿರಬೇಕು ಅಂತ ಗುರು ಹೇಳುತ್ತಿದ್ದ. ಅವನ ಮಾತು ಇಷ್ಟು ಬೇಗ ಕೆಲಸಕ್ಕೆ ಬರುತ್ತದೆ ಅಂತ ನಾನು ಎಣಿಸಿರಲಿಲ್ಲ.

ನಿನ್ನ ನಾದಿನಿಯ ಮದುವೆ ಜವಳಿಗೆ ಈ ತಿಂಗಳೇ ಕೊಳ್ಳೇಗಾಲಕ್ಕೆ ಬರುತ್ತೀವಿ ಅಂತ ನೀನು ಬರೆದಿದ್ದೆ. ಬರುವ ದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ಕಡ್ಡಿ ಕೊಯ್ದುಕೊಂಡು ಬಾ. ತೆನೆ ಬಂದಿರುವ ಕುಡಿ ಬೇಡ, ಎಳಸೂ ಅಲ್ಲದ ಬಲಿತೂ ಹೋಗದ ಕುಡಿ ನೋಡು. ಬ್ಲೇಡನ್ನು ಬೆಂಕಿಗೆ ಹಿಡಿದು ಆರಿಸಿ, ಗೆಣ್ಣಿನ ಕೆಳಗೆ ಕೊಯ್ಯಿ. ಆಸೆಗೆ ಬಿದ್ದು ಬೋಳು ಮಾಡಬೇಡ, ಕೊಯ್ದದ್ದಕ್ಕಿಂತ ಉಳಿದದ್ದು ಹೆಚ್ಚಿರಬೇಕು. ನನ್ನ ಗಿಡ ಉಳಿಸಲು ಹೋಗಿ ನಿನ್ನದೂ ಹೋದರೆ ಆ ಜಾತಿಯೇ ಇಲ್ಲವಾಗುತ್ತದೆ. ಒದ್ದೆ ಪೇಪರಿನಲ್ಲಿ ಸುತ್ತಿ ಡಬ್ಬಿಯಲ್ಲಿಡು. ಯಾವುದು ಮೇಲಿನ ಕುಡಿ, ಯಾವುದು ಪಕ್ಕದ್ದು ಅಂತ ಪೇಪರಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆ. ಪೆನ್ನಿನಲ್ಲಿ ಬರೆದರೆ ನೀರಿಗೆ ಕಲಸಿಹೋಗುತ್ತದೆ.

ದಿನ ಗೊತ್ತಾದ ಕೂಡಲೇ ತಾರಸಿ ಹತ್ತಿ ಒಂದು ಫೋನ್ ಮಾಡು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಬಂದು ಕಾಯುತ್ತೇನೆ. ದೊರೆಸ್ವಾಮಿಗೂ ನಿಮ್ಮ ಅತ್ತೆಯವರಿಗೂ ನನ್ನ ನಮಸ್ಕಾರ ಹೇಳು. ನಿನ್ನನ್ನು ನೋಡಿ ವರ್ಷದ ಮೇಲಾಯಿತು. ಕಡ್ಡಿಯ ನೆಪದಲ್ಲಾದರೂ ಮುಖ ನೋಡಿದ ಹಾಗಾಗುತ್ತದೆ.

ಇಂತಿ ನಿನ್ನ ಅತ್ತೆ,
ಚನ್ನಮಲ್ಲಮ್ಮ


ಬಂಡಳ್ಳಿ
21-6-2024

ಚಿ. ಸೌ. ಮೀನಾಳಿಗೆ,

ಆಶೀರ್ವಾದಗಳು. ನೀನು ಡಬ್ಬಿ ಕೈಗೆ ಕೊಟ್ಟು ತಿಂಗಳು ಕಳೆಯಿತು. ಕಡ್ಡಿ ಬೇರು ಬಿಟ್ಟ ಮೇಲೆ ಬರೆಯೋಣ ಅಂತ ಕಾದೆ. ತಡವಾದದ್ದಕ್ಕೆ ಕಾರಣ ಅದೇ ಅಂತ ಇಟ್ಟುಕೋ.

ಬೇರು ಬಿಟ್ಟಿವೆ. ಎರಡು ಕೊಳೆತವು, ಒಂದು ನಿಂತಲ್ಲೇ ನಿಂತಿದೆ, ಮಿಕ್ಕವೆಲ್ಲ ಹೊಸ ಎಲೆ ತೆಗೆದಿವೆ. ನೀನು ಕೊಯ್ದದ್ದು ಚೆನ್ನಾಗಿತ್ತು, ಒಂದೂ ಜಜ್ಜಿರಲಿಲ್ಲ. ಇಲ್ಲಿದ್ದಾಗ ಕತ್ತರಿ ಹಿಡಿಯಲು ಕೊಟ್ಟರೆ ಸೊಪ್ಪು ಕತ್ತರಿಸುವ ಹಾಗೆ ಕತ್ತರಿಸುತ್ತಿದ್ದೆ. ಗುರು ತಲೆ ಚಚ್ಚಿಕೊಳ್ಳುತ್ತಿದ್ದ. ಈಗ ಅವನು ನೋಡಬೇಕಿತ್ತು.

ಹಳೇ ತಾಯಿಗಿಡ ಉಳಿಯಲಿಲ್ಲ. ಕಾಂಡ ಉಗುರಿನಲ್ಲಿ ಕೆರೆದು ನೋಡಿದೆ, ಬುಡದ ತನಕ ಒಣಗಿತ್ತು. ಕಿತ್ತು ಗುಂಡಿಗೆ ಹಾಕಿ ಕುಂಡ ತೊಳೆದು ಕವುಚಿಟ್ಟೆ. ಅತ್ತಿರಾ ಅಂತ ಕೇಳಬೇಡ. ಅವತ್ತು ಆಳುಗಳಿಗೆ ಅಡುಗೆ ಬೇರೆ ಮಾಡಬೇಕಿತ್ತು.

ನಿನ್ನ ಕಡ್ಡಿಯಲ್ಲಿ ಗಟ್ಟಿಯಾಗಿ ಬಂದಿರುವ ನಾಲ್ಕನ್ನು ಇನ್ನು ಮುಂದೆ ತಾಯಿಗಿಡ ಅಂತ ಬೇರೆ ಇಟ್ಟಿದ್ದೇನೆ. ಒಂದಕ್ಕೆ ಆಗಲೇ ತೆನೆ ಇಣುಕಿತು, ಚಿವುಟಿದೆ. ಅವನ್ನು ಯಾರು ಎಷ್ಟು ಬೇಡಿದರೂ ಮಾರುವುದಿಲ್ಲ. ಕೊಳ್ಳೇಗಾಲದ ಹೂವಿನಂಗಡಿ ಪುಟ್ಟಗೌರಮ್ಮ ಬಂದು, "ಒಂದೇ ಒಂದ್ ಕುಂಡ ಕೊಡು ಚನ್ನಮಲ್ಲಕ್ಕ, ನಿನ್ ಗಂಟೇನ್ ಓಯ್ತದೆ" ಅಂದಳು. ಅದೇ ಗಂಟು ಕಣವ್ವ ಅಂದೆ. ಟೀ ಕುಡಿಸಿ ಕಳಿಸಿದೆ.

ನಿನ್ನ ಕುಂಡದ ವಿಷಯ ಈಗ ಸರಿಯಾಗಿ ಕೇಳಿಕೋ, ಏಕೆಂದರೆ ನೀನು ಅದನ್ನು ಹೂವಿನ ಗಿಡದ ಹಾಗೆ ನೋಡಿಕೊಳ್ಳುತ್ತಿದ್ದೀಯ ಅಂತ ಕಡ್ಡಿ ನೋಡಿದಾಗಲೇ ತಿಳಿಯಿತು. ಕುಡಿ ಉದ್ದವಾಗಿ ಎಳೆದುಕೊಂಡಿವೆ. ಅಂದರೆ ಬೆಳಕು ಸಾಲದು. ಅಡುಗೆಮನೆ ಕಿಟಕಿ ಬಿಟ್ಟು ಪೂರ್ವದ ಕಿಟಕಿಗೆ ಇಡು, ದಿನಾ ಬೆಳಿಗ್ಗೆ ಎದ್ದಾಗ ಸ್ವಲ್ಪ ತಿರುಗಿಸು, ಇಲ್ಲದಿದ್ದರೆ ಒಂದೇ ಕಡೆ ವಾಲುತ್ತದೆ. ಸಗಣಿ ಗೊಬ್ಬರ ಸುರಿಯಬೇಡ. ಕೊಬ್ಬಿದ ಗಿಡದ ಕಡ್ಡಿ ಬೇರು ಬಿಡುವ ಮುಂಚೆ ಕೊಳೆಯುತ್ತದೆ. ಬೋರ್‌ವೆಲ್ ನೀರಿಗೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದರೆ ಮಳೆನೀರು ಹಾಯಿಸಿ ತೊಳೆ. ಅಕ್ಕಪಕ್ಕದವರು ಕೊಟ್ಟ ಗಿಡವನ್ನು ತಂದ ದಿನವೇ ಇದರ ಪಕ್ಕ ಇಡಬೇಡ, ಹೊರಗೆ ಬೇರೆ ಇಟ್ಟು ಹುಳ ಹುಪ್ಪಟೆ ಇಲ್ಲ ಅಂತ ಗೊತ್ತಾದ ಮೇಲೆ ಒಳಗೆ ತಾ. ಕಡ್ಡಿ ತೆಗೆದ ಮೇಲೆ ಅದಕ್ಕೆ ಉಸಿರಾಡಲು ಬಿಡು, ಮೈತುಂಬ ಚಿಗುರುವ ತನಕ ಕತ್ತರಿ ಮುಟ್ಟಬೇಡ.

ಇನ್ನೊಂದು. ಎಷ್ಟು ಚೆನ್ನಾಗಿ ನೋಡಿಕೊಂಡರೂ ತಾಯಿಗಿಡ ಒಂದು ದಿನ ಕಟ್ಟಿಗೆಯಾಗುತ್ತದೆ. ಆಗ ಕಡ್ಡಿ ಕೊಟ್ಟರೂ ಬೇರು ಬಿಡುವುದಿಲ್ಲ. ಅದಕ್ಕೇ ಗಿಡ ಗಟ್ಟಿಯಾಗಿರುವಾಗಲೇ ಅದರ ಒಂದು ಒಳ್ಳೇ ಕಡ್ಡಿಯನ್ನು ಬೆಳೆಸಿ ಜಾಗಕ್ಕೆ ಸಿದ್ಧ ಮಾಡಿಟ್ಟುಕೊಳ್ಳಬೇಕು. ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ನಾನು ನಿನಗೆ ಕಡ್ಡಿ ಕಳಿಸುತ್ತೇನೆ, ನೀನು ನನಗೆ ಕಳಿಸು. ಒಂದು ಮನೆಯದು ಹೋದರೆ ಇನ್ನೊಂದು ಮನೆಯದು ಇರುತ್ತದೆ. ನೀನು ಬರಲೇಬೇಕು ಅಂತೇನಿಲ್ಲ. ಹನೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ತಲುಪಿಸುತ್ತಾನೆ.

ಮಾದೇಶ ಈಗ ಹುಳುಮನೆ ಒಳಗೆ ಕಾಲಿಡುವುದಿಲ್ಲ. ಬಾಗಿಲಲ್ಲೇ ನಿಂತು, "ಎಂಗವೆ ಅಕ್ಕ, ಮಕ್ಳು?" ಅಂತ ದಿನಾ ವಿಚಾರಿಸುತ್ತಾನೆ. ಅಪ್ಪಿತಪ್ಪಿ ಒಳಗೆ ಬಂದುಬಿಟ್ಟರೆ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನೋಡುತ್ತಾನೆ. ನನಗೆ ನಗು ಬರುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ ಹೆಚ್ಚು ಮಾತಾಡಲು ಆಗಲಿಲ್ಲ. ನಿನ್ನ ಜೊತೆ ಬಂದಿದ್ದ ನಾದಿನಿಯ ಅತ್ತೆಯಾಗುವವರಿಗೆ ಬಿಸಿಲು ತಡೆಯುತ್ತಿರಲಿಲ್ಲ, ನನಗೂ ಬಸ್ಸು ಹೊರಟಿತ್ತು. ನೀನು ಮೈಕೈ ತುಂಬಿಕೊಂಡಿದ್ದೀಯ, ಮುಖದಲ್ಲಿ ಕಳೆ ಬಂದಿದೆ. ದೊರೆಸ್ವಾಮಿ ನಿನ್ನ ಚೀಲವನ್ನೂ ತಾನೇ ಹೊತ್ತುಕೊಂಡಿದ್ದ. ಒಳ್ಳೇ ಮನುಷ್ಯ. ನಿನ್ನ ನಾದಿನಿಯ ಮದುವೆ ಯಾವ ಅಡ್ಡಿಯೂ ಇಲ್ಲದೆ ನಡೆಯಲಿ. ಬೆಟ್ಟದ ಮಾದಪ್ಪ ನಿಮ್ಮ ಮನೆ ತುಂಬಿಸಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ಇಂತಿ,
ಚನ್ನಮಲ್ಲಮ್ಮ
ಬಂಡಳ್ಳಿ ನರ್ಸರಿ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ನಿನ್ನ ನಾದಿನಿಯ ಅತ್ತೆಯಾಗುವ ಆ ಹೆಂಗಸು, "ಇವ್ರು ಯಾರವ್ವ?" ಅಂತ ಕೇಳಿದಾಗ ನೀನು, "ನಾನ್ ಮೊದ್ಲು ಕೆಲ್ಸ ಮಾಡ್ತಿದ್ದ ನರ್ಸರಿ ಓನರಮ್ಮ" ಅಂದೆ. ನಾನೂ ಬಿಡಲಿಲ್ಲ, "ಊಂ ಕಣವ್ವ, ಒಳ್ಳೆ ಕೆಲ್ಸಗಾತಿ, ಬುಟ್ಟೋದ್ಮೇಲೆ ಅಂತೋರು ಸಿಗ್ನಿಲ್ಲ" ಅಂದೆ. ನಿನ್ನ ಮುಖ ಸಪ್ಪಗಾದದ್ದು ಕಂಡೆ. ನೀನು ಮಾಡಿದ್ದು ತಪ್ಪಲ್ಲ ಮೀನಾ. ನಿನ್ನದು ಎರಡನೇ ಮದುವೆ ಅಂತ ದೊರೆಸ್ವಾಮಿಗೂ ಅವನ ತಾಯಿಗೂ ಗೊತ್ತಿದ್ದರೆ ಸಾಕು, ಕಂಡಕಂಡವರ ಮುಂದೆ ಹೇಳಬೇಡ ಅಂತ ನಿನ್ನನ್ನು ಕಳಿಸುವಾಗ ನಾನೇ ಅಂದಿದ್ದೆ. ನಾದಿನಿಯ ಮದುವೆ ಕೆಡಬಾರದು. ಅದೆಲ್ಲ ನನಗೆ ಅರ್ಥವಾಗುತ್ತದೆ.

ಆದರೂ ಬಂಡಳ್ಳಿ ಬರುವ ತನಕ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಕಣೇ. ನನ್ನನ್ನು ಓನರಮ್ಮ ಅಂದದ್ದಕ್ಕಲ್ಲ. ನೀನು ಕೆಲಸದವಳಾದರೆ ನನ್ನ ಗುರುವಿಗೆ ಮದುವೆಯೇ ಆಗಿರಲಿಲ್ಲ ಅಂತಾಯಿತಲ್ಲ. ಅವನು ಆ ಮೊದಲ ಹೂವನ್ನು ಯಾರಿಗೆ ಮುಡಿಸಿದ?

ದೀಪಾವಳಿಗೆ ಕಡ್ಡಿ ಕಳಿಸುವಾಗ ಡಬ್ಬಿಯ ಮೇಲೆ ಬಂಡಳ್ಳಿ ನರ್ಸರಿ ಓನರಮ್ಮನಿಗೆ ಅಂತಲೇ ಬರೆ, ಯಾರು ನೋಡಿದರೂ ತೊಂದರೆಯಿಲ್ಲ. ಒಳಗೆ ಕಡ್ಡಿಗೆ ಸುತ್ತಿದ ಪೇಪರಿನ ಮೂಲೆಯಲ್ಲಿ ಅತ್ತೆಗೆ ಅಂತ ಒಂದು ಮಾತು ಬರೆದಿಡು. ಪೆನ್ಸಿಲ್ಲಿನಲ್ಲಿ ಬರೆ.