ನೀನು ಕಟ್ಟಿಟ್ಟು ಹೋದ ಆಟ

ತ್ರಿಷಕ್ಕಾ,

ಜೈನ ದೀಕ್ಷೆಯಾದ ಮೇಲೆ ನಿನ್ನನ್ನು ಹೀಗೆ ಕರೆಯುವಂತಿಲ್ಲ. ಅದಕ್ಕೇ ಇದನ್ನು ಕಳಿಸುವುದೂ ಇಲ್ಲ.

ಮನೆ ಬಿಡುವ ಮುಂಚೆ ನಮ್ಮ ಕಂಪ್ಯೂಟರಿನ ತಾಳದ ಗೇಮಿಗೆ ನೀನೇ ಒಂದು ಮಾಡ್, ನಿನ್ನದೇ ಹೊಸ ಹಂತ, ಕಟ್ಟಿಟ್ಟು ಹೋದೆಯಲ್ಲ, ಎಂಥ ಕ್ರೂರಿ ನೀನು! ಹಾಡಿನ ಲಯಕ್ಕೆ ಪರದೆಯ ಮೇಲೆ ಬಾಣಗಳು ದಬದಬ ಬೀಳುತ್ತವೆ. ಒಂದಕ್ಕೆ ಕೀ ಒತ್ತುವುದು ತಪ್ಪಿದರೂ ಮೊದಲಿಂದ ಶುರು. ಇರುವೆ ತುಳಿಯದಂತೆ ನಡೆಯುವವಳು ತಮ್ಮನ ಬೆರಳಿಗೆ ಇಷ್ಟು ಹಿಂಸೆ ಕೊಡಬಹುದೇ?

ಇವತ್ತು ಸಂಜೆ ಮೊದಲ ಸಲ ಅರ್ಧ ಹಾಡು ದಾಟಿದೆ. ತಟ್ಟನೆ ಬಾಣಗಳೂ ಹಾಡೂ ನಿಂತವು. ಕೆಟ್ಟುಹೋಯಿತೇನೋ ಅಂದುಕೊಳ್ಳುವಷ್ಟರಲ್ಲಿ ಸ್ಪೀಕರಿನಿಂದ ಅಮ್ಮನ ದನಿ ಬಂತು.

"ತ್ರಿಷಾ, ಸೂರ್ಯ ಮುಳುಗ್ತಾವ್ನೆ, ಉಣ್ಣಕ್ ಬಾರೇ! ಆ ಆಟ ಎಲ್ಲೂ ಓಡೋಗಲ್ಲ ಕಣೇ!"

ಇದನ್ನು ಯಾವಾಗ ರೆಕಾರ್ಡ್ ಮಾಡಿಕೊಂಡಿದ್ದೆ ನೀನು?

ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ನಿನ್ನ ದರ್ಶನಕ್ಕೆ ಬಂದಾಗ ಅವಳೂ ಎಲ್ಲರ ಹಾಗೆ ಕೈಮುಗಿದು "ಮಾತಾಜಿ" ಎನ್ನುತ್ತಾಳಲ್ಲ, ಮನೆಯಲ್ಲೂ ಈಗ ಹಾಗೇ ಅನ್ನುತ್ತಾಳೆ. ಹಳೆಯ ಹೆಸರು ಅವಳ ಬಾಯಲ್ಲಿ ಬಂದೇ ಇಲ್ಲ.

"ಇನ್ನೊಂದ್ಸಲ ಆಕ್ಲಾ ವಿಮಲ," ಅಂದಳು.

"ಸುಮ್ನೆ ಆಕೋಕಾಗಲ್ಲಮ್ಮ. ಅಲ್ಲೀಗಂಟ ಆಡ್ಬೇಕು."

"ಆಡು ಮತ್ತೆ."

ಪಕ್ಕದಲ್ಲೇ ಕೂತಳು. ಕಿಟಕಿಯಾಚೆ ಕತ್ತಲಾಗುತ್ತಿತ್ತು, ಕತ್ತಲಾದರೆ ನಾವು ಉಣ್ಣುವಂತಿಲ್ಲ; ಆದರೂ ಬಡಿಸಿಟ್ಟ ಊಟದ ಮಾತನ್ನೇ ಅವಳು ಎತ್ತಲಿಲ್ಲ. ಹೇಗೋ ಮತ್ತೆ ಅಲ್ಲಿಗೆ ತಲುಪಿದೆ. ಅಮ್ಮ ನಿನ್ನನ್ನು ಕರೆದಳು, ಅಮ್ಮನೇ ಕೇಳಿಸಿಕೊಂಡಳು.

ಹಾಡು ಮತ್ತೆ ಶುರುವಾಗಿ ಮೊದಲ ಬಾಣ ಬಿದ್ದಾಗ, ನಾನು ಬೇಕೆಂದೇ ಕೀ ಒತ್ತಲಿಲ್ಲ.